ಮೊದಲು ಉತ್ಸವದ ದಿನ, ಆಮೇಲೆ ಕಾಡು, ಕೊನೆಗೆ ನಡಿಗೆ

ರಜೆಗೆ ಎಲ್ಲಿಗೆ ಹೋಗೋಣ ಅಂತ ಮನೆಯಲ್ಲಿ ಮಾತು ಶುರುವಾದರೆ ಎಲ್ಲರೂ ಊರಿನ ಹೆಸರು ಹೇಳುತ್ತಾರೆ. ನಾನು ಮೊದಲು ಕ್ಯಾಲೆಂಡರ್ ತನ್ನಿ ಅನ್ನುತ್ತೇನೆ. ಬೆಚ್ಚಗಿನ ದಿನಗಳಲ್ಲಿ ಕಾಡುಪ್ರಾಣಿ ನೋಡಬೇಕು, ಬೆಟ್ಟ ಹತ್ತಬೇಕು, ನೀರಲ್ಲಿ ಆಡಬೇಕು, ಆ ಊರಿನ ಸಂಗೀತ, ಕುಣಿತ, ಮೆರವಣಿಗೆಯನ್ನೂ ಕಾಣಬೇಕು ಅಂದರೆ ಒಂದೊಂದಕ್ಕೂ ಸಮಯ ಬೇರೆ. ಉತ್ಸವದ ದಿನ ನಮಗೋಸ್ಕರ ಮುಂದೆ ಹೋಗುವುದಿಲ್ಲ. ಪ್ರಾಣಿಗಳಿಗೆ ಒಂದು ಕಾಲ ಅಂತ ಇದೆ, ಅದರಲ್ಲಿ ಒಂದೆರಡು ವಾರ ಆಚೀಚೆ ಆದರೆ ನಡೆಯುತ್ತದೆ. ನಡಿಗೆ, ಈಜು, ಸೈಕಲ್ ಮಾತ್ರ ಯಾವ ದಿನಕ್ಕೂ ಹೊಂದಿಕೊಳ್ಳುತ್ತವೆ. ಹಾಗಾಗಿ ಉತ್ಸವವನ್ನು ಮೊದಲು ಗುರುತು ಹಾಕಿ, ಅದರ ಸುತ್ತ ಕಾಡನ್ನು ಕೂರಿಸಿ, ಉಳಿದ ಜಾಗದಲ್ಲಿ ಓಡಾಟ ತುಂಬಿಸಿ. ಈ ಕ್ರಮ ತಲೆಕೆಳಗಾದರೆ ಮೂರರಲ್ಲಿ ಒಂದು ಕೈಬಿಟ್ಟು ಹೋಗುತ್ತದೆ.

ಉತ್ಸವದ ತಾರೀಖನ್ನು ಕಳೆದ ವರ್ಷದ್ದು ನೋಡಿ ಟಿಕೆಟ್ ತೆಗೆಯಬೇಡಿ. ಚಂದ್ರನ ಲೆಕ್ಕದ ಹಬ್ಬಗಳು ಪ್ರತಿ ವರ್ಷ ಜಾಗ ಬದಲಿಸುತ್ತವೆ. ಇಸ್ಲಾಮಿ ವರ್ಷಕ್ಕೆ 354 ಅಥವಾ 355 ದಿನ, ಹಾಗಾಗಿ ಆ ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತವೆ. ಪಶ್ಚಿಮದ ಚರ್ಚುಗಳ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರಕ್ಕಾದರೂ ಬೀಳಬಹುದು. ಬ್ರೆಜಿಲ್‌ನ ರಿಯೋದಲ್ಲಿ ನಡೆಯುವ ಕಾರ್ನಿವಲ್ ಆ ಈಸ್ಟರ್‌ಗೆ ಕಟ್ಟಿಕೊಂಡ ಹಬ್ಬ. ಅದಕ್ಕೇ ಒಂದು ವರ್ಷ ಫೆಬ್ರವರಿ ಶುರುವಿಗೆ ಬಂದರೆ ಇನ್ನೊಂದು ವರ್ಷ ಮಾರ್ಚ್‌ಗೆ ಜಾರುತ್ತದೆ. ಇನ್ನೊಂದು ವಿಷಯ. ಭೂಮಿಯ ದಕ್ಷಿಣಾರ್ಧದಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿ. ನಮ್ಮ ಚಳಿಯ ತಿಂಗಳಲ್ಲಿ ಅಲ್ಲಿ ಸುಡುಬಿಸಿಲು. ಬಟ್ಟೆ ಪ್ಯಾಕ್ ಮಾಡುವಾಗ ಇದು ಮರೆತುಹೋಗುವುದು ಜಾಸ್ತಿ.

ಉತ್ಸವದ ಊರಲ್ಲಿ ರೂಮು ತಿಂಗಳುಗಟ್ಟಲೆ ಮುಂಚೆಯೇ ತುಂಬಿರುತ್ತದೆ. ಮೆರವಣಿಗೆಯ ಬೀದಿಯಲ್ಲೇ ರೂಮು ಬೇಕು ಅಂತ ಹಟ ಬೇಡ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹದಿನೈದು ಇಪ್ಪತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಇಳಿದುಕೊಳ್ಳಿ. ರಾತ್ರಿ ನಿದ್ದೆಯೂ ಸಿಗುತ್ತದೆ, ರಸ್ತೆ ಮುಚ್ಚಿದ್ದರೂ ಗಾಡಿ ಬಾಗಿಲಿಗೆ ಬರುತ್ತದೆ. ಆಮೇಲೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವಾಗ ಉತ್ಸವ ಮೊದಲಾದರೂ, ಪ್ರವಾಸದ ದಿನಗಳಲ್ಲಿ ಆಗುವುದಾದರೆ ಕಾಡನ್ನು ಮೊದಲು ಇಡಿ, ಉತ್ಸವವನ್ನು ಕೊನೆಗೆ. ಕಾಡಿಗೆ ನಸುಕಿನಲ್ಲಿ ಏಳಬೇಕು. ಮಧ್ಯರಾತ್ರಿವರೆಗೆ ಕುಣಿತ ನೋಡಿದವರನ್ನು ನಾಲ್ಕೂವರೆಗೆ ಎಬ್ಬಿಸಿ ನೋಡಿ, ಇಡೀ ದಿನ ಮುಖ ಗಂಟು ಹಾಕಿಕೊಂಡಿರುತ್ತಾರೆ.

ಈಗ ಕಾಡಿನ ಮಾತು. ನನಗೆ ಇದರಲ್ಲೇ ಆಸೆ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಾಣಿ ಚೆನ್ನಾಗಿ ಕಾಣುವುದು ಒಣ ತಿಂಗಳುಗಳಲ್ಲಿ. ಹುಲ್ಲು ಕುಗ್ಗಿರುತ್ತದೆ, ಎಲೆ ಉದುರಿರುತ್ತದೆ, ದೂರದವರೆಗೂ ಕಣ್ಣು ಹೋಗುತ್ತದೆ. ಸಣ್ಣ ಸಣ್ಣ ಹೊಂಡಗಳೆಲ್ಲ ಬತ್ತಿ ನೀರು ಕೆಲವೇ ಕಡೆ ಉಳಿದಿರುತ್ತದೆ, ಪ್ರಾಣಿಗಳು ಅಲ್ಲಿಗೇ ಬರಬೇಕು. ಮಳೆ ಬಿದ್ದರೆ ಎಲ್ಲಾ ಕಡೆ ನೀರು, ಎಲ್ಲಾ ಕಡೆ ಹಸಿರು. ಆಗ ಅವು ಚದುರಿ ಹೋಗುತ್ತವೆ, ಎಷ್ಟೋ ಕಾಡುಗಳ ದಾರಿಯೇ ಮುಚ್ಚಿರುತ್ತದೆ. ಹಕ್ಕಿ ನೋಡುವವರಿಗೆ ಮಾತ್ರ ಮಳೆಯ ಮುಂದೆ ಹಿಂದೆ ಒಳ್ಳೆಯ ಸಮಯ, ಗೂಡು ಕಟ್ಟುವ ಗಡಿಬಿಡಿ ಆಗಲೇ. ಕೆಲವು ನೋಟಗಳಿಗೆ ತಿಂಗಳು ಗೊತ್ತಿದೆ. ಪೂರ್ವ ಆಫ್ರಿಕಾದ ಸೆರೆಂಗೆಟಿ, ಮಸಾಯಿ ಮಾರಾ ಕಾಡುಗಳ ಕಡೆ ಕಾಡೆಮ್ಮೆಯಂಥ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿ ದಾಟುವುದನ್ನು ನೋಡಬೇಕೆಂದರೆ ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್. ಆದರೂ ಇಂಥ ದಿನವೇ ದಾಟುತ್ತವೆ ಅಂತ ಯಾರೂ ಬರೆದುಕೊಡಲಾರರು. ಅಲ್ಲಿ ಮೂರು ನಾಲ್ಕು ದಿನ ಕಾಯುವ ಬಿಡುವು ಇಟ್ಟುಕೊಂಡು ಹೋಗಬೇಕು.

ಒಂದೇ ಒಂದು ಸಫಾರಿ ಬುಕ್ ಮಾಡಿ ಹುಲಿ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ಒಂದೇ ಕಾಡಿನಲ್ಲಿ ಮೂರು ಸಲ ಹೋಗುವುದು, ಮೂರು ಕಾಡುಗಳಲ್ಲಿ ಒಂದೊಂದು ಸಲ ಹೋಗುವುದಕ್ಕಿಂತ ಒಳ್ಳೆಯದು. ದಾರಿ ಪರಿಚಯವಾಗುತ್ತದೆ, ಗೈಡ್ ಜೊತೆ ಸಲುಗೆ ಬೆಳೆಯುತ್ತದೆ, ಅವರು ನೆನ್ನೆ ಕಂಡ ಹೆಜ್ಜೆಯನ್ನು ಇವತ್ತು ಹುಡುಕುತ್ತಾರೆ. ಬೆಳಗಿನ ಸಫಾರಿಗೇ ಮೊದಲ ಆಯ್ಕೆ ಕೊಡಿ. ಬಿಸಿ ನಾಡುಗಳಲ್ಲಿ ದೊಡ್ಡ ಪ್ರಾಣಿಗಳು ಬೆಳಕು ಹರಿಯುವಾಗ, ಮತ್ತೆ ಹೊತ್ತು ಇಳಿಯುವಾಗ ಓಡಾಡುತ್ತವೆ. ಮಧ್ಯಾಹ್ನ ಅವೂ ನೆರಳು ಹುಡುಕಿ ಮಲಗುತ್ತವೆ.

ಎಷ್ಟು ದೂರ ನಿಲ್ಲಬೇಕು ಅನ್ನುವುದಕ್ಕೆ ಪ್ರತಿ ಜಾಗಕ್ಕೂ ನಿಯಮ ಇದೆ. ಹೊರಡುವ ಮುಂಚೆಯೇ ಮಕ್ಕಳಿಗೆ ಓದಿ ಹೇಳಿ. ಗಲಾಪಗೋಸ್ ದ್ವೀಪಗಳಲ್ಲಿ ಪ್ರಾಣಿಗಳಿಂದ ಕನಿಷ್ಠ 2 ಮೀಟರ್ ದೂರ ಇರಬೇಕು. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ ಸುಮಾರು 91 ಮೀಟರ್, ಬೇರೆ ಪ್ರಾಣಿಗಳಿಂದ 23 ಮೀಟರ್. ಉಗಾಂಡಾ, ರುವಾಂಡಾದ ಬೆಟ್ಟದ ಗೊರಿಲ್ಲಾ ಹತ್ತಿರ ಒಂದು ಗಂಟೆ ಮಾತ್ರ ಇರಬಹುದು. 15 ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಪ್ರವೇಶವೇ ಇಲ್ಲ. ನಮ್ಮ ನೆಗಡಿ ಅವುಗಳ ಜೀವಕ್ಕೇ ಅಪಾಯ, ಶೀತ ಆಗಿದ್ದರೆ ಹೋಗಲೇಬಾರದು. ಮೊಟ್ಟೆ ಇಡಲು ಬಂದ ಕಡಲಾಮೆಗೆ ಟಾರ್ಚ್ ಬಿಟ್ಟರೆ ಅದು ಗಾಬರಿಯಾಗಿ ಮೊಟ್ಟೆ ಇಡದೇ ನೀರಿಗೆ ಮರಳಿಬಿಡಬಹುದು. ಹುಲಿ ಮರಿಯನ್ನು ಮಡಿಲಲ್ಲಿ ಕೂರಿಸಿ ಫೋಟೋ ತೆಗೆಯುವ ಜಾಗಗಳಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಆ ಮರಿಗಳನ್ನು ಹಾಲು ಕುಡಿಯುವ ವಯಸ್ಸಿನಲ್ಲೇ ತಾಯಿಯಿಂದ ಕಿತ್ತಿರುತ್ತಾರೆ. ಮಗು ಎಷ್ಟು ಹಟ ಮಾಡಿದರೂ ಬೇಡ.

ಬಿಸಿಲಿಗೆ ತಕ್ಕಂತೆ ದಿನವನ್ನು ಮಡಚಿಕೊಳ್ಳಬೇಕು. ಬೆಳಿಗ್ಗೆ ಕಾಡು ಇಲ್ಲವೇ ನಡಿಗೆ. ಮಧ್ಯಾಹ್ನ ಊಟ, ನಿದ್ದೆ, ಹೆಚ್ಚೆಂದರೆ ಮ್ಯೂಸಿಯಂ. ಸಂಜೆ ಸಂಗೀತ, ಬೀದಿ, ಜನ. ಬಿಸಿಲಿನ ಏಟು ಹತ್ತರಿಂದ ನಾಲ್ಕರವರೆಗೆ ಜೋರು. ತಂಪು ಊರಿನಿಂದ ಬಂದ ದೇಹಕ್ಕೆ ಬಿಸಿಗೆ ಪೂರ್ತಿ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅದಕ್ಕೇ ಮೊದಲ ಎರಡು ಮೂರು ದಿನ ಅರ್ಧ ಕಾರ್ಯಕ್ರಮ ಸಾಕು. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲಿನದು ಇರಲಿ. ಹೊರಗೆ ಹೋಗುವ ಕಾಲು ಗಂಟೆ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಸೊಳ್ಳೆ ಕ್ರೀಮು ಅದರ ಮೇಲೆ, ಕೆಳಗಲ್ಲ. ಆರು ತಿಂಗಳೊಳಗಿನ ಕೂಸಿಗೆ ಇದೆಲ್ಲಕ್ಕಿಂತ ನೆರಳೇ ಮದ್ದು.

ಬಾಯಾರಿಕೆ ಆಗುವವರೆಗೆ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಬ್ಯಾಗಿನಲ್ಲಿ ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಅದು ಸಿಗದೇ ಇದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮಾತ್ರ ತಪ್ಪಬಾರದು, ಉಪ್ಪು ಜಾಸ್ತಿ ಆದರೆ ಮಕ್ಕಳಿಗೆ ಕೆಟ್ಟದ್ದು. ತಲೆನೋವು, ಸುಸ್ತು, ವಾಕರಿಕೆ ಬಂದರೆ ಕೂಡಲೇ ನೆರಳಿಗೆ ಬನ್ನಿ. ಮೈ ಸುಡುತ್ತಾ ಮಾತು ತೊದಲಿದರೆ, ಗೊಂದಲವಾಗಿ ಆಡಿದರೆ ಅದು ಹೀಟ್ ಸ್ಟ್ರೋಕ್. ಆಂಬುಲೆನ್ಸ್ ಕರೆಯಿರಿ. ಬರುವವರೆಗೆ ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಎರಡು ನಿಮಿಷಕ್ಕೂ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗಿನ ಬಿಸಿ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಚೂರು ಇಳಿಸಿದರೂ ಅಷ್ಟೇ.

ನಡಿಗೆಗೆ ಹಳೆಯ ಲೆಕ್ಕ ಒಂದಿದೆ. ಸಮತಟ್ಟಿನಲ್ಲಿ ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿ. ಅದು ಗಟ್ಟಿ ಕಾಲಿನ ದೊಡ್ಡವರಿಗೆ. ಮಕ್ಕಳಿದ್ದರೆ, ಬಿಸಿಲಿದ್ದರೆ ಒಂದೂವರೆ ಪಟ್ಟು ಹಿಡಿಯಿರಿ. ಎಷ್ಟು ಗಂಟೆಗೆ ಹಿಂದೆ ತಿರುಗಬೇಕು ಅಂತ ಹೊರಡುವಾಗಲೇ ತೀರ್ಮಾನ ಮಾಡಿ, ತುದಿ ಕಣ್ಣಿಗೆ ಕಾಣುತ್ತಿದ್ದರೂ ಆ ಹೊತ್ತಿಗೆ ತಿರುಗಿಬಿಡಿ. ಸಮುದ್ರದಲ್ಲಿ ಕಾವಲಿನವರು ಇರುವ ಜಾಗದಲ್ಲೇ ಇಳಿಯಿರಿ. ಅಲೆಯ ಸೆಳೆತ ಒಳಗೆ ಎಳೆದರೆ ಅದಕ್ಕೆ ಎದುರಾಗಿ ದಡದ ಕಡೆ ಈಜಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಿ. ದೋಣಿ ಹತ್ತಿದರೆ ಎಲ್ಲರೂ ಲೈಫ್ ಜಾಕೆಟ್ ಹಾಕಬೇಕು, ಈಜು ಬರುವವರೂ.

ಉತ್ಸವದ ಜನಜಂಗುಳಿಗೆ ಇಳಿಯುವ ಮುಂಚೆ ಒಂದು ಜಾಗ ಗುರುತು ಮಾಡಿ, ತಪ್ಪಿಹೋದವರು ಅಲ್ಲಿಗೆ ಬರಲಿ. ಮಗುವಿನ ಮುಂಗೈ ಮೇಲೆ ಫೋನ್ ನಂಬರ್ ಬರೆಯಿರಿ. ಸ್ಪೀಕರ್ ಹತ್ತಿರ ಮಕ್ಕಳನ್ನು ನಿಲ್ಲಿಸಬೇಡಿ, 85 ಡೆಸಿಬೆಲ್ ದಾಟಿದ ಸದ್ದನ್ನು ತುಂಬಾ ಹೊತ್ತು ಕೇಳಿದರೆ ಕಿವಿಗೆ ಪೆಟ್ಟು. ಪೂಜೆ, ಪ್ರಾರ್ಥನೆ ಮಾಡುತ್ತಿರುವವರ ಫೋಟೋ ಕೇಳದೆ ತೆಗೆಯಬೇಡಿ. ಅಲ್ಲಿನ ಭಾಷೆಯಲ್ಲಿ ನಮಸ್ಕಾರ, ಧನ್ಯವಾದ, ಫೋಟೋ ತೆಗೆಯಲಾ ಅನ್ನುವ ಮೂರು ಮಾತು ಕಲಿತು ಹೋಗಿ. ಎಷ್ಟು ಬಾಗಿಲು ತೆರೆಯುತ್ತವೆ ನೋಡಿ.

ಬಟ್ಟೆ ಕಡಿಮೆ ಇರಲಿ, ಸಡಿಲ ಇರಲಿ, ತುಂಬು ತೋಳಿನದು ಇರಲಿ. ಕಾಡಿಗೆ ಮಣ್ಣಿನ ಬಣ್ಣ, ಮಾಸಲು ಹಸಿರು. ಆಫ್ರಿಕಾದ ತ್ಸೆತ್ಸೆ ನೊಣ ಕಡು ನೀಲಿ, ಕಪ್ಪು ಬಣ್ಣಕ್ಕೆ ಮುತ್ತುತ್ತದೆ, ಅಲ್ಲಿಗೆ ಆ ಬಣ್ಣ ಬೇಡ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಅಂತ ಬರೆದದ್ದು ಸಾಕು. ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, 42 ಮಿಲಿಮೀಟರ್ ಗಾಜು ನಸುಕಿನಲ್ಲೂ ಬೆಳಕು ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಪಟ್ಟು ತೆಗೆದುಕೊಂಡರೆ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಔಷಧಿ, ಇನ್ಸುಲಿನ್, ಪವರ್ ಬ್ಯಾಂಕ್ ಮೂರೂ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಇನ್ಸುಲಿನ್ ಕೆಳಗಿನ ಲಗೇಜಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ. ಬಿಪಿ, ಮೂತ್ರದ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿನ ಊರಿಗೆ ಹೋಗುವ ಮುಂಚೆ ಡಾಕ್ಟರನ್ನು ಕೇಳಿ. ಹಳದಿ ಜ್ವರದ ಲಸಿಕೆ ಬೇಕಾದ ದೇಶವಾದರೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. 2016ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ, ಜೋಪಾನ ಮಾಡಿ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ, ಎಷ್ಟೋ ದೇಶಗಳು ಕೇಳುತ್ತವೆ.

ಇನ್ನು ಮನೆ. ಹೊರಡುವ ದಿನ ಗ್ಯಾಸ್, ನೀರಿನ ಮುಖ್ಯ ನಲ್ಲಿ ಮುಚ್ಚಿ, ಫ್ರಿಜ್ ಬಿಟ್ಟು ಉಳಿದ ಪ್ಲಗ್ ಕಿತ್ತಿಡಿ. ಕುಂಡಗಳನ್ನು ಕಿಟಕಿಯಿಂದ ಒಳಗೆ, ನೆರಳಿಗೆ ಎಳೆಯಿರಿ. ದಪ್ಪ ಹತ್ತಿ ದಾರದ ಒಂದು ತುದಿ ಕುಂಡದ ಮಣ್ಣಲ್ಲಿ, ಇನ್ನೊಂದು ತುದಿ ಸ್ವಲ್ಪ ಎತ್ತರದಲ್ಲಿಟ್ಟ ನೀರಿನ ಬಕೆಟ್ಟಿನ ತಳದಲ್ಲಿ ಇದ್ದರೆ ಗಿಡ ತಾನೇ ನೀರು ಎಳೆದುಕೊಳ್ಳುತ್ತದೆ. ಹೊರಡುವ ಹಿಂದಿನ ದಿನ ಫ್ರೀಜರ್‌ನಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ನೀರು ಗಟ್ಟಿ ಮಾಡಿ, ಮೇಲೆ ಒಂದು ನಾಣ್ಯ ಇಟ್ಟುಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ಕೆಳಗೆ ಮುಳುಗಿ ಹೆಪ್ಪುಗಟ್ಟಿದ್ದರೆ ನಡುವೆ ತುಂಬಾ ಹೊತ್ತು ಕರೆಂಟ್ ಹೋಗಿತ್ತು ಅಂತ ಅರ್ಥ. ಫ್ರೀಜರ್‌ನಲ್ಲಿದ್ದದ್ದನ್ನು ಎಸೆದುಬಿಡಿ, ಮೂಸಿ ನೋಡಿ ತಿನ್ನಬೇಡಿ.