ಬೇಟೆ ನಾಯಿ ತರ್ಬೇಕಾ? ಮರಿ ನೋಡುವ ಮೊದಲು ಅದರ ಅಮ್ಮನ್ನ ನೋಡಿ

ತೋಟಕ್ಕೆ ಹಂದಿ ನುಗ್ಗಿ ಬಾಳೆ ಬುಡ ಎಲ್ಲ ಮಗುಚಿ ಹಾಕಿದ ಮರುದಿನ ಬೆಳಿಗ್ಗೆ ನಮ್ಮ ಕಾರ್ಕಳ, ಹೆಬ್ರಿ ಕಡೆ ಯಾರಾದ್ರೂ ಒಬ್ರು ಹೇಳಿಯೇ ಹೇಳ್ತಾರೆ, "ಒಂದು ಒಳ್ಳೆ ಬೇಟೆ ನಾಯಿ ತರುವ ಮಾರ್ರೆ" ಅಂತ. ತರುವ, ಆದ್ರೆ ಒಂದು ವಿಷಯ ಮೊದಲೇ ಹೇಳ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೋಂಟೆ, ಅಂದ್ರೆ ಕಾಡುಪ್ರಾಣಿ ಬೇಟೆ, ಎಲ್ಲ ಅಜ್ಜಂದಿರ ಕಥೆಯಲ್ಲಿ ಮಾತ್ರ, ನಾಯಿ ಬಿಟ್ಟು ಮೊಲ ಹಿಡಿಸಿದ್ರೂ ಕೇಸ್ ಆಗ್ತದೆ. ನಮಗೆ ಬೇಕಾದ್ದು ಆ ತಳಿಗಳ ಮೂಗು, ಕಾಲು, ಹೇಳಿದ್ದು ಕೇಳುವ ಬುದ್ಧಿ ಅಷ್ಟೆ. ತೋಟ ಸುತ್ತುದಕ್ಕೆ, ಬೊಬ್ಬೆ ಹಾಕುದಕ್ಕೆ, ಜೊತೆಗೆ ಓಡುದಕ್ಕೆ.

ಮೊದಲ ಕೆಲಸ, ನಾಯಿಯಿಂದ ನಿಮಗೆ ಎಂತ ಆಗ್ಬೇಕು ಅಂತ ಸರಿಯಾಗಿ ಯೋಚನೆ ಮಾಡಿ. ಬೇಟೆ ನಾಯಿ ಅಂದ್ರೆ ಎಲ್ಲ ಒಂದೇ ಅಲ್ಲ. ನಮ್ಮ ಮುಧೋಳ ಕಣ್ಣಲ್ಲಿ ನೋಡಿ ಓಡುವ ನಾಯಿ, ದೂರದಲ್ಲಿ ಏನೋ ಅಲ್ಲಾಡಿದ್ರೆ ಸಾಕು, ಮತ್ತೆ ನಿಮ್ಮ ಸ್ವರ ಅದಕ್ಕೆ ಕೇಳುದಿಲ್ಲ. ಬೀಗಲ್ ಮೂಗು ನೆಲಕ್ಕೆ ಇಟ್ರೆ ವಾಸನೆ ಹೋದಲ್ಲಿಗೆ ಹೋಗ್ತದೆ, ನಿಮ್ಮ ಬೇಲಿ ಎಲ್ಲಿ ಮುಗೀತು ಅಂತ ಅದಕ್ಕೆ ಲೆಕ್ಕ ಇಲ್ಲ. ಲ್ಯಾಬ್ರಡಾರ್ ನೀರಿಗೆ ಹಾರಿ ತರುವ ನಾಯಿ, ಅದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ದುಡಿದವು, ಹಾಗಾಗಿ ಮಲ್ಪೆಯವರಿಗೆ ಅದು ಒಂಥರಾ ನೆಂಟ. ಇದೆಲ್ಲ ಕೆಲಸ ಒಂದೇ ನಾಯಿ ಮಾಡ್ಬೇಕು, ಅಂದ್ರೆ ವಾಸನೆ ಹುಡುಕ್ಬೇಕು, ಸಿಕ್ಕಿದಲ್ಲಿ ಒಂದು ಕಾಲೆತ್ತಿ ಕಲ್ಲಿನ ಹಾಗೆ ನಿಂತು ತೋರಿಸ್ಬೇಕು, ಮತ್ತೆ ನೆಲದಿಂದಲೂ ನೀರಿಂದಲೂ ಎತ್ತಿ ತರ್ಬೇಕು ಅಂತ ಜರ್ಮನಿಯವರು 19ನೇ ಶತಮಾನದಲ್ಲಿ ಕೂತು ತಯಾರು ಮಾಡಿದ್ದು ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್. ಆಲ್‌ರೌಂಡರ್ ಅಂದ್ರೆ ಇದು.

ಆದ್ರೆ ಈ ಪಾಯಿಂಟರ್‌ಗೆ ದಿನಕ್ಕೆ ಎರಡು ಗಂಟೆ ಓಡಾಟ ಬೇಕೇ ಬೇಕು. ಮಂಗಳೂರು ಕದ್ರಿಯ ಫ್ಲ್ಯಾಟಲ್ಲಿ ಬೆಳಿಗ್ಗೆ ಹತ್ತು ನಿಮಿಷ ಸುತ್ತಿಸಿ ಆಫೀಸಿಗೆ ಹೋದ್ರೆ ಸಂಜೆ ಬರುವಾಗ ಸೋಫಾದ ಹತ್ತಿ ಹಾಲ್ ತುಂಬ ಇರ್ತದೆ.

ಎರಡನೇದು ನಮ್ಮ ಮಳೆ. ಜೂನ್‌ನಿಂದ ನಾಲ್ಕು ತಿಂಗಳು ನಮ್ಮ ಬಟ್ಟೆಯೇ ಒಣಗುದಿಲ್ಲ, ಇನ್ನು ನಾಯಿಯ ರೋಮ ಎಲ್ಲಿಂದ. ಗಿಡ್ಡ ರೋಮದ್ದು ನೋಡಿ. ಉದ್ದ ರೋಮದ ಸ್ಪೇನಿಯಲ್ ಫೋಟೋದಲ್ಲಿ ಚಂದ, ಇಲ್ಲಿ ಅದಕ್ಕೆ ಚರ್ಮದ ಕಜ್ಜಿ ಗ್ಯಾರಂಟಿ ಅಂತಲೇ ನನ್ನ ಲೆಕ್ಕ. ಜೋತುಬಿದ್ದ ಕಿವಿಯದ್ದಾದ್ರೆ ಒದ್ದೆ ಆದಾಗೆಲ್ಲ ಕಿವಿ ಎತ್ತಿ ಒರೆಸ್ಬೇಕು. ಉಣ್ಣಿ ಕಚ್ಚಿ ಬರುವ ಜ್ವರ ಮತ್ತೆ ಇಲಿ ಜ್ವರ ಎರಡೂ ನಮ್ಮಲ್ಲಿ ಉಂಟು, ಉಣ್ಣಿಯ ಔಷಧ ತಪ್ಪಿಸುವ ಹಾಗಿಲ್ಲ. ಕಾಡಿನ ಬದಿ ಮನೆಯಾದ್ರೆ ರಾತ್ರಿ ಅಂಗಳದಲ್ಲಿ ಕಟ್ಟಿ ಹಾಕ್ಬೇಡಿ, ಅದು ಚಿರತೆಗೆ ಬಡಿಸಿಟ್ಟ ಹಾಗೆ, ಬಾಗಿಲಿರುವ ಗಟ್ಟಿ ಗೂಡು ಬೇಕು.

ಈಗ ಬ್ರೀಡರ್, ಅಂದ್ರೆ ಮರಿ ಮಾಡಿಸಿ ಮಾರುವವರ ವಿಷಯ, ಇಲ್ಲೇ ಎಲ್ಲರೂ ಮೋಸ ಹೋಗುದು. ನಾನೂ ಹೋಗಿದ್ದೇನೆ. ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡಿ ಅಡ್ವಾನ್ಸ್ ಹಾಕಿದೆ, ರಾತ್ರಿ ಬಸ್ಸಲ್ಲಿ ರಟ್ಟಿನ ಡಬ್ಬಿಯಲ್ಲಿ ಮರಿ ಬಂತು, ಎರಡು ತಿಂಗಳು ಅಂದಿದ್ರು, ಹಲ್ಲು ನೋಡಿದ ಡಾಕ್ಟ್ರು ಒಂದು ತಿಂಗಳೂ ಆಗಿರ್ಲಿಕ್ಕಿಲ್ಲ ಅಂದ್ರು, ಮೂರನೇ ದಿನ ರಕ್ತಭೇದಿ ಶುರುವಾಗಿ ಪಾರ್ವೋ ಅನ್ನುವ ವೈರಸ್ ಕಾಯಿಲೆಯಲ್ಲಿ ಹೋಯ್ತು. ಆ ಮನುಷ್ಯ ಮತ್ತೆ ಫೋನ್ ಎತ್ಲಿಲ್ಲ.

ಹಾಗಾಗಿ ಕಾಯ್ದೆ ಎಂತ ಹೇಳ್ತದೆ ಅಂತ ಗೊತ್ತಿರ್ಲಿ. 2017ರ ನಾಯಿ ತಳಿವರ್ಧನೆ ಮತ್ತು ಮಾರಾಟ ನಿಯಮದ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿರ್ಬೇಕು, ಎಂಟು ವಾರ ಆಗದ ಮರಿ ಮಾರುವ ಹಾಗಿಲ್ಲ, ತಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಮಾಡಿಸುವ ಹಾಗಿಲ್ಲ. ನೋಂದಣಿ ನಂಬರ್ ಕೇಳಿ. ಕೇಳಿದ ಕೂಡ್ಲೆ ಮುಖ ಗಂಟು ಹಾಕಿದ್ರೆ ಅಲ್ಲಿಂದಲೇ ಗಾಡಿ ತಿರುಗಿಸಿ.

ಮತ್ತೆ ಮನೆಗೆ ಹೋಗಿ. ದಾರಿ ಮಧ್ಯೆ ಪೆಟ್ರೋಲ್ ಪಂಪ್ ಹತ್ರ ತಂದು ಕೊಡ್ತೇನೆ ಅನ್ನುವವನ ಹತ್ರ ತಗೊಳ್ಳಲೇ ಬೇಡಿ. ತಾಯಿ ನಾಯಿಯನ್ನ ತೋರಿಸ್ಲಿಕ್ಕೆ ಹೇಳಿ, ಅದು ಹೆದರಿ ಮೂಲೆ ಸೇರ್ತದಾ, ಕಚ್ಚಲಿಕ್ಕೆ ಬರ್ತದಾ, ಅಲ್ಲ ಬಾಲ ಅಲ್ಲಾಡಿಸ್ತಾ ಮೂಸಿ ನೋಡ್ತದಾ ಅಂತ ನೋಡಿ, ಯಾಕಂದ್ರೆ ಮರಿಗಳು ಮೊದಲ ವಾರಗಳಲ್ಲಿ ಕಲಿಯುದು ಅವಳನ್ನ ನೋಡಿಯೇ. ಗೂಡಿನ ವಾಸನೆ ನೋಡಿ. ಲ್ಯಾಬ್, ಪಾಯಿಂಟರ್ ಆದ್ರೆ ತಂದೆ ತಾಯಿಯ ಸೊಂಟದ ಎಕ್ಸ್‌ರೇ ಉಂಟಾ ಕೇಳಿ, ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರ್ತದೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ಪೇಪರ್ ಇದ್ರೆ ಒಳ್ಳೆದೇ, ಆದ್ರೆ ಅದು ವಂಶದ ಜಾತಕ ಮಾತ್ರ, ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಒಳ್ಳೆ ಬ್ರೀಡರ್ ನಿಮ್ಮನ್ನೇ ತಿರುಗಿ ಕೇಳ್ತಾನೆ, ಮನೆಯಲ್ಲಿ ಯಾರಿರ್ತಾರೆ, ಬೇಲಿ ಉಂಟಾ, ಸಾಕ್ಲಿಕ್ಕೆ ಆಗದಿದ್ರೆ ನನಗೇ ವಾಪಸ್ ತಂದುಕೊಡ್ತೀರಾ ಅಂತ. ಹಣದ್ದು ಮಾತ್ರ ಮಾತಾಡುವವ ವ್ಯಾಪಾರಿ.

ಮುಧೋಳವೇ ಬೇಕಾದ್ರೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಉಂಟು, ಮೊದಲು ಅಲ್ಲಿ ವಿಚಾರಿಸಿ. 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದ ತಳಿ ಅದು. ಓಡ್ಲಿಕ್ಕೆ ಜಾಗ ಇದ್ದವರಿಗೆ ಮಾತ್ರ. ಆಪರೇಷನ್ ಏನಾದ್ರೂ ಬಂದ್ರೆ ಇದು ಮೈಯಲ್ಲಿ ಕೊಬ್ಬಿಲ್ಲದ ತಳಿ ಅಂತ ಡಾಕ್ಟ್ರಿಗೆ ನೆನಪು ಮಾಡಿ, ಅನಸ್ತೇಶಿಯಾದ ಲೆಕ್ಕ ಇಂತಹ ನಾಯಿಗಳಿಗೆ ಬೇರೆ.

ಮತ್ತೆ ಬರೀ ಹಂದಿ, ಮಂಗನ ಕಾಟಕ್ಕೆ ಬೊಬ್ಬೆ ಹಾಕ್ಲಿಕ್ಕೆ ನಾಯಿ ಬೇಕು ಅಂತಾದ್ರೆ ಊರ ನಾಯಿಯ ಎರಡು ಮರಿ ಸಾಕು ಅಂತ ನನ್ನ ಅಭಿಪ್ರಾಯ, ಅದಕ್ಕೆ ನಮ್ಮ ಮಳೆಯೂ ಗೊತ್ತು, ಉಳಿದ ಗಂಜಿಯೂ ಗೊತ್ತು.

ಮರಿ ತರುದಾದ್ರೆ ಮಳೆ ಬಿಟ್ಟ ಮೇಲೆ ತನ್ನಿ. ನವೆಂಬರ್‌ನಲ್ಲಿ ಎರಡು ತಿಂಗಳ ಮರಿ ಬಂದ್ರೆ ಪಾರ್ವೋ, ರೇಬಿಸ್ ಇಂಜೆಕ್ಷನ್ ಎಲ್ಲ ಮುಗಿದು, ಕರೆದ್ರೆ ಬರ್ಲಿಕ್ಕೆ ಕಲಿತು, ಮಳೆ ಶುರುವಾಗುವಾಗ ಒಂಬತ್ತು ತಿಂಗಳಾಗಿರ್ತದೆ. ಅಂಗಳದ ಪಾಚಿಯಲ್ಲಿ ಜಾರಿ ಬೀಳ್ಲಿಕ್ಕೆ ಆಗ ನೀವು ಮಾತ್ರ ಬಾಕಿ.