ಮಗ್ಗ ನಿಂತ ಹೊತ್ತಿಗೂ ಮಜೂರಿ: ಗುಳೇದಗುಡ್ಡದಲ್ಲಿ ನೇಯ್ಗೆ ತೋರಿಸುವ ಕ್ರಮ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತುವವರು ಗುಳೇದಗುಡ್ಡದ ಹತ್ತಿರದಲ್ಲೇ ಹಾದುಹೋಗುತ್ತಾರೆ, ಒಳಗೆ ಬರುವವರು ಕಡಿಮೆ. ಅವರನ್ನು ಖಣ (ರವಿಕೆಯ ಬಟ್ಟೆ) ನೇಯುವ ಮನೆಗಳಿಗೆ ಕರೆತರುವುದು ಕಷ್ಟವಲ್ಲ. ಬಂದವರಿಂದ ನೇಕಾರನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ನಾವು ನಾಲ್ಕಾರು ಮನೆಯವರು ಸೇರಿ ಇದನ್ನು ಹೇಗೆ ನಡೆಸುತ್ತೇವೆ ಎಂಬುದು ಇಲ್ಲಿದೆ.

ಮಗ್ಗದ ಮನೆಯಲ್ಲಿ ನೇಯ್ದಷ್ಟಕ್ಕೆ ಮಜೂರಿ. ಮಗ್ಗ ನಿಂತರೆ ಗಳಿಕೆಯೂ ನಿಂತಂತೆ. ಇಪ್ಪತ್ತು ನಿಮಿಷದ ಭೇಟಿ ಅಂದರೆ ಇಪ್ಪತ್ತೇ ನಿಮಿಷವಲ್ಲ, ಕೈ ಮತ್ತೆ ಲಯಕ್ಕೆ ಬರಲು ಇನ್ನೂ ಹತ್ತು ನಿಮಿಷ ಬೇಕು. ಹಾಗಾಗಿ ಒಂದು ಭೇಟಿಗೆ ಅರ್ಧ ತಾಸು ಹಿಡಿಯುತ್ತೇವೆ. ದಿನಕ್ಕೆ ಎಂಟು ತಾಸು ನೇಯ್ದು 400 ರೂಪಾಯಿ ಗಳಿಸುವ ಮನೆಯಾದರೆ ಅರ್ಧ ತಾಸಿನ ನಷ್ಟ 25 ರೂಪಾಯಿ. ನಾವು ಕೊಡುವುದು ಅದರ ನಾಲ್ಕು ಪಟ್ಟು. ತೋರಿಸುವುದು, ಹೇಳುವುದು ಕೂಡ ಕೆಲಸವೇ ತಾನೆ? ಬಂದವರು ಏನಾದರೂ ಕೊಳ್ಳಲಿ ಬಿಡಲಿ, ಈ ಹಣ ಅವತ್ತೇ ಕೈಗೆ ಸೇರಬೇಕು. ‘ವ್ಯಾಪಾರವಾದರೆ ಕೊಡೋಣ’ ಎಂದು ಶುರು ಮಾಡಿದರೆ ಮೂರನೇ ಭೇಟಿಗೆ ಬಾಗಿಲು ಮುಚ್ಚಿರುತ್ತದೆ.

ರಾಟೆಯ ಮುಂದೆ ಕೂತು ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಹೆಣ್ಣುಮಕ್ಕಳ ಪಾಲನ್ನು ಬೇರೆಯಾಗಿ, ಅವರ ಕೈಗೇ ಕೊಡಬೇಕು. ಮನೆಯ ಯಜಮಾನನ ಹಣದೊಳಗೆ ಅದು ಸೇರಿಬಿಟ್ಟರೆ ಆ ಕೆಲಸಕ್ಕೆ ಲೆಕ್ಕವೇ ಸಿಗುವುದಿಲ್ಲ. ಇದರಲ್ಲಿ ನಾವು ರಾಜಿಯಾಗುವುದಿಲ್ಲ.

ಮಗ್ಗದ ಕೋಣೆ ಇಕ್ಕಟ್ಟು. ಒಂದು ಸಲಕ್ಕೆ ಆರು ಜನ, ಅದಕ್ಕಿಂತ ಹೆಚ್ಚು ಬೇಡ. ಬಾಗಿಲಲ್ಲಿ ಗುಂಪು ನಿಂತರೆ ನೇಯುವವನ ಕಣ್ಣಿಗೆ ಬೆಳಕು ಬೀಳದು. ಆದ್ದರಿಂದ ಬಂದವರನ್ನು ಕಿಟಕಿಯ ಎದುರು ಬದಿಗೆ, ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ. ಕುಣಿ ಮಗ್ಗ ನೆಲಮಟ್ಟದಲ್ಲಿರುತ್ತದೆ, ಮೆಟ್ಟು ತುಳಿಯುವ ಕುಣಿಗೆ ಚಿಕ್ಕ ಮಕ್ಕಳು ಬೀಳಬಹುದು, ಅವರ ಕೈ ಬಿಡಬಾರದು. ಕುಣಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ: ನೆಲದ ತಂಪು, ತೇವಕ್ಕೆ ನೂಲು ಹರಿಯುವುದು ಕಡಿಮೆ. ಬೆವರಿದ ಕೈಯಿಂದ ಹಾಸು (ಮಗ್ಗದ ಉದ್ದನೆಯ ಎಳೆಗಳು) ಮುಟ್ಟಿದರೆ ಕಲೆ ಉಳಿಯುತ್ತದೆ. ‘ಮುಟ್ಟಬೇಡಿ’ ಅನ್ನುವುದಕ್ಕಿಂತ ಮುಟ್ಟಲೆಂದೇ ಒಂದು ತುಂಡು ಖಣ ಕೈಗೆ ಕೊಡುವುದು ಮೇಲು.

ಮಗ್ಗವನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ಬುಟ್ಟಾದ (ನೇಯ್ದ ಚಿತ್ತಾರದ) ನಡುವೆ ನಿಲ್ಲಿಸಿ ಅರ್ಧ ತಾಸು ಬಿಟ್ಟರೆ ಹಾಸಿನ ಬಿಗಿ ಬದಲಾಗಿ, ಮತ್ತೆ ಶುರು ಮಾಡಿದ ಜಾಗದಲ್ಲಿ ಅಡ್ಡಗೆರೆ ಬೀಳುತ್ತದೆ. ಮಾಲು ಒಪ್ಪಿಸುವಾಗ ಆ ಗೆರೆಗೆ ಮಜೂರಿ ಮುರಿಯುತ್ತಾರೆ. ಒಂದು ಖಣ ಮುಗಿದು ಇನ್ನೊಂದು ಶುರುವಾಗುವ ಕಡೆ ನಿಲ್ಲಿಸಿ, ಹಾಸನ್ನು ಸ್ವಲ್ಪ ಸಡಿಲ ಬಿಡಬೇಕು. ಮತ್ತೆ ಕೂತಾಗ ಬಿಗಿ ಮಾಡಿ ಮೊದಲ ನಾಲ್ಕೈದು ಎಳೆ ಹೊಕ್ಕನ್ನು (ಅಡ್ಡ ನೂಲನ್ನು) ಮೆಲ್ಲಗೆ ಬಡಿಯಬೇಕು. ಇದಕ್ಕಾಗಿ ಭೇಟಿಯ ಸಮಯ ಹೇಳುವುದು ನೇಕಾರ, ಬರುವವರು ಅದಕ್ಕೆ ಹೊಂದಿಕೊಳ್ಳುತ್ತಾರೆ. ಅಮಾವಾಸ್ಯೆ, ಹಬ್ಬಗಳಲ್ಲಿ ಮಗ್ಗ ನಿಂತಿರುತ್ತದೆ, ಫೋನಿನಲ್ಲೇ ಹೇಳಿಬಿಡಿ.

ಈಗ ಮಾರಲು ಹೊಲಿಯುವ ಖಣದ ಚೀಲ, ದಿಂಬಿನ ಚೀಲ, ಪರ್ಸು. ನಾವು ಬಳಸುವುದು ರೇಷ್ಮೆ ಹಾಸು, ಹತ್ತಿ ಹೊಕ್ಕಿನ ಖಣ. ಒಗೆದಾಗ ಹತ್ತಿ ಕುಗ್ಗುತ್ತದೆ, ರೇಷ್ಮೆ ಅಷ್ಟು ಕುಗ್ಗದು. ಹಾಗೇ ಹೊಲಿದ ಚೀಲ ಮೊದಲ ಒಗೆತಕ್ಕೇ ಸುಕ್ಕುಗಟ್ಟುತ್ತದೆ. ಕತ್ತರಿಸುವ ಮೊದಲು ಖಣವನ್ನೂ ಒಳಬಟ್ಟೆಯನ್ನೂ ತಣ್ಣೀರಲ್ಲಿ ಅರ್ಧ ತಾಸು ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಬಣ್ಣ ಬಿಡುತ್ತದೆಯೋ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯನ್ನು ಮೂಲೆಗೆ ಒತ್ತಿ ಉಜ್ಜಿ ನೋಡಿ. ಕೆಂಪು ಹತ್ತಿದರೆ ಅದನ್ನು ಬಿಳಿ ಒಳಬಟ್ಟೆಗೆ ಜೋಡಿಸಬೇಡಿ. ರೇಷ್ಮೆ ಎಳೆ ಜಾರುವುದರಿಂದ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ. ಹೊಲಿಗೆಗೆ ಒಂದೂವರೆ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಕೂಡಲೇ ಓವರ್‌ಲಾಕ್ ಹೊಲಿಗೆಯಿಂದ ಅಂಚು ಕಟ್ಟಿ, ಆಮೇಲೆ ಹಿಂಬದಿಗೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಪದರ) ಹಚ್ಚಿ. ಇಸ್ತ್ರಿ ಹೆಚ್ಚು ಕಾದರೆ ರೇಷ್ಮೆಯ ಹೊಳಪು ಸಾಯುತ್ತದೆ. ಖಣದ ಪನ್ನಾ (ಅಗಲ) ಕಿರಿದು. ಅಳತೆ ತೆಗೆದು, ಅದಕ್ಕೆ ಹೊಂದುವ ವಸ್ತುವನ್ನೇ ಮಾಡಿ, ಇಲ್ಲದಿದ್ದರೆ ಅರ್ಧ ಬಟ್ಟೆ ಚಿಂದಿಯಾಗುತ್ತದೆ.

ಪವರ್‌ಲೂಮ್ ಖಣವನ್ನೂ ಮಾರುತ್ತೇವೆ, ಅದು ಅಗ್ಗ. ಆದರೆ ಬೇರೆ ಗೂಡಿನಲ್ಲಿ, ಬೇರೆ ಚೀಟಿ ಹಚ್ಚಿ. ಎರಡನ್ನೂ ಬೆರೆಸಿದ ದಿನ ಕೈಮಗ್ಗದ ಬೆಲೆ ಕೇಳುವ ಹಕ್ಕು ಹೋಗುತ್ತದೆ.

ಊಟ ಕೇಳುವವರಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳು, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹಿಂದಿನ ದಿನ ಸಂಜೆಯೊಳಗೆ ಎಷ್ಟು ಜನ ಎಂದು ತಿಳಿಯಬೇಕು. ಜೋಳದ ಹಿಟ್ಟು ವಾರಕ್ಕಾಗುವಷ್ಟೇ ಬೀಸಿಸುತ್ತೇವೆ. ಹಳೆಯದಾದರೆ ಕಹಿ ಬರುತ್ತದೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇರದ ಕಾರಣ ಕುದಿಯುವ ನೀರೇ ಹಿಟ್ಟನ್ನು ಹಿಡಿದಿಡಬೇಕು: ಒಂದು ಬಟ್ಟಲು ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಬಟ್ಟಲು ನೀರು. ಕಿಲೋ ಹಿಟ್ಟಿಗೆ ಹದಿನಾಲ್ಕು ರೊಟ್ಟಿ ಆಗುತ್ತವೆ, ಆರು ಜನಕ್ಕೆ ಸಾಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುವ ಮೊದಲೇ ಮಗುಚಬೇಕು. ತಡವಾದರೆ ರೊಟ್ಟಿ ಉಬ್ಬುವುದಿಲ್ಲ.

ಒಯ್ಯಲು ಕಡಕ್ ರೊಟ್ಟಿ ಕಟ್ಟಿಕೊಡುವಾಗ ಆತುರ ಬೇಡ. ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ಕಿಗೆ ಹಾಕಿದರೆ ಒಳಗೆ ಹನಿ ಕಟ್ಟಿ ಬೂಸಲು ಬರುತ್ತದೆ. ರಾತ್ರಿಯೆಲ್ಲ ಬುಟ್ಟಿಯಲ್ಲಿ ತೆಳು ಬಟ್ಟೆ ಮುಚ್ಚಿ ಆರಿಸಿ, ಬೆಳಿಗ್ಗೆ ಒಂದನ್ನು ಮುರಿದು ನೋಡಿ: ಟಪ್ಪನೆ ಮುರಿದರೆ ಕಟ್ಟಬಹುದು, ಬಾಗಿದರೆ ಮತ್ತೆ ಹಂಚಿಗೆ.