ಸೋಡಿಯಂ ಕರ್ಣನಲ್ಲ

ಹತ್ತನೇ ತರಗತಿಗೆ ಅಯಾನಿಕ ಬಂಧ, ಅಂದರೆ ಅಡುಗೆ ಉಪ್ಪಿನಲ್ಲಿ ಸೋಡಿಯಂ, ಕ್ಲೋರಿನ್‌ಗಳನ್ನು ಹಿಡಿದಿಡುವ ಬಂಧ, ಹೇಳಿಕೊಡುವಾಗ ಬಹಳ ವರ್ಷ ನಾನು ಒಂದೇ ಕಥೆ ಹೇಳುತ್ತಿದ್ದೆ. ಸೋಡಿಯಂನ ಹೊರಕವಚದಲ್ಲಿ ಒಂಟಿ ಎಲೆಕ್ಟ್ರಾನ್ ಇದೆ, ಕ್ಲೋರಿನ್‌ಗೆ ಒಂದು ಕಡಿಮೆ ಬಿದ್ದಿದೆ. ದಾನಶೂರ ಕರ್ಣನಂತೆ ಸೋಡಿಯಂ ಕೊಟ್ಟುಬಿಡುತ್ತದೆ, ಇಬ್ಬರಿಗೂ ಎಂಟೆಂಟಾಗುತ್ತದೆ. ಮಕ್ಕಳಿಗೆ ಕಥೆ ಹಿಡಿಸುತ್ತಿತ್ತು, ಪರೀಕ್ಷೆಯಲ್ಲಿ ಅಂಕವೂ ಬೀಳುತ್ತಿತ್ತು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಅಕ್ಕೋರೇ, ಎಲೆಕ್ಟ್ರಾನ್ ಕಳೆದುಕೊಂಡರೆ ಸೋಡಿಯಂಗೆ ಅಷ್ಟು ನೆಮ್ಮದಿ ಅಂದಮೇಲೆ ಕ್ಲೋರಿನ್ ಬರುವ ತನಕ ಯಾಕೆ ಕಾಯುತ್ತದೆ? ಮೊದಲೇ ಎಸೆದು ಆರಾಮಾಗಿ ಇರಬಹುದಲ್ಲ?”

ನಾಳೆ ಹೇಳುತ್ತೇನೆ ಎಂದೆ. ಮೇಷ್ಟ್ರುಗಿರಿಯಲ್ಲಿ ಈ ‘ನಾಳೆ’ ಎಷ್ಟೋ ಸಲ ಬರುವುದೇ ಇಲ್ಲ, ಆದರೆ ಆ ಪ್ರಶ್ನೆ ರಾತ್ರಿಯೂ ಬಿಡಲಿಲ್ಲ. ಬಿ.ಎಸ್ಸಿ. ಟಿಪ್ಪಣಿ ಹುಡುಕಿ ತೆಗೆದೆ.

ಮರುದಿನ ಕಪ್ಪುಹಲಗೆಯ ಮೇಲೆ ಕಿರಾಣಿ ಅಂಗಡಿಯ ಖಾತೆಯಂತೆ ಜಮಾ, ಖರ್ಚು ಎಂದು ಎರಡು ಅಂಕಣ ಎಳೆದೆ. ಲೆಕ್ಕವೆಲ್ಲ ಒಂದು ಮೋಲ್, ಅಂದರೆ 58.5 ಗ್ರಾಂ ಉಪ್ಪಿಗೆ. ಸೋಡಿಯಂನಿಂದ ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಖರ್ಚು. ದಾನವೆಲ್ಲಿ ಬಂತು, ಇದು ಸುಲಿಗೆ! ಕ್ಲೋರಿನ್ ಅದನ್ನು ಪಡೆದಾಗ ಹೊರಬರುವುದು 349 ಮಾತ್ರ. ಗಟ್ಟಿ ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿಸಲು 107, ಜೋಡಿಯಾಗಿರುವ ಕ್ಲೋರಿನ್ ಬಿಡಿಸಲು 122 ಬೇರೆ. ಕೂಡಿಸಿ ಕಳೆದರೆ 376 ನಷ್ಟ. ತರಗತಿ ಸುಮ್ಮನಾಯಿತು. ಉಪ್ಪೇ ಆಗಬಾರದಿತ್ತಲ್ಲ!

ಆಮೇಲೆ ಜಮಾ ಅಂಕಣದಲ್ಲಿ 787 ಬರೆದೆ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಧನ ಅಯಾನು, ಪಡೆದ ಕ್ಲೋರಿನ್ ಋಣ ಅಯಾನು, ಅಂದರೆ ಕ್ಲೋರೈಡ್; ಇವು ಒಂದನ್ನೊಂದು ಸೆಳೆದು ಹರಳಾಗಿ ಕೂರುವಾಗ ಬಿಡುಗಡೆಯಾಗುವ ಶಕ್ತಿ ಅದು. ಎಲ್ಲ ಕಳೆದು 411 ಲಾಭ. ಪ್ರಯೋಗದಲ್ಲಿ ಅಳೆದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಸ್ ಹೇಬರ್ 1919ರಲ್ಲೇ ತೋರಿಸಿಕೊಟ್ಟ ಲೆಕ್ಕ. ಓದಿದ್ದೆ, ಪಾಸಾಗಿದ್ದೆ, ಹತ್ತನೆಯ ತರಗತಿಗೆ ಬಂದಾಗ ಮಾತ್ರ ಕರ್ಣನ ಕಥೆ ಹೇಳುತ್ತಿದ್ದೆ.

ಕಥೆಯ ಇನ್ನೊಂದು ಹುಳುಕು ಆಗ ಕಣ್ಣಿಗೆ ಬಿತ್ತು. ಮಕ್ಕಳ ಪುಸ್ತಕದಲ್ಲಿ ಸೋಡಿಯಂ, ಕ್ಲೋರಿನ್ ಗಂಡಹೆಂಡಿರಂತೆ ಜೋಡಿಜೋಡಿಯಾಗಿ ನಿಂತಿದ್ದವು. ಹರಳಿನಲ್ಲಿ ಅಂಥ ಜೋಡಿಯೇ ಇಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಲಾರೆನ್ಸ್ ಬ್ರಾಗ್ 1913ರಲ್ಲಿ ಕ್ಷ-ಕಿರಣದಿಂದ ಇದನ್ನು ಕಂಡುಕೊಂಡ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನವಿಜ್ಞಾನಿ 1927ರಲ್ಲೂ ‘ನೇಚರ್’ ಪತ್ರಿಕೆಗೆ ಬರೆದು ಈ ಚದುರಂಗದ ಮಣೆಯನ್ನು ಗೇಲಿ ಮಾಡಿದ್ದ. ಅಂಥವನಿಗೇ ಒಪ್ಪಲಾಗದ್ದು ನನ್ನ ಮಕ್ಕಳಿಗೆ ಒಂದೇ ಪೀರಿಯಡ್‌ನಲ್ಲಿ ಒಪ್ಪಿತವಾಗಬೇಕಿತ್ತು.

ಮೈದಾನಕ್ಕೆ ಕರೆದೊಯ್ದೆ. ಅರ್ಧ ಮಕ್ಕಳ ತಲೆಗೆ ಕರವಸ್ತ್ರ ಕಟ್ಟಿಸಿ ಸೋಡಿಯಂ ಮಾಡಿದೆ, ಉಳಿದವರು ಕ್ಲೋರೈಡ್; ಕಟ್ಟಿದವರು, ಕಟ್ಟದವರು ಒಬ್ಬರ ಪಕ್ಕ ಒಬ್ಬರು ಬರುವಂತೆ ಸಾಲುಸಾಲಾಗಿ ನಿಲ್ಲಿಸಿದೆ. “ನಿನ್ನ ಜೋಡಿ ಯಾರು?” ಎಂದರೆ ನಡುವಿನವನು ನಾಲ್ಕು ಕಡೆಗೂ ಬೆರಳು ತೋರಿಸಿದ. ಮೇಲೊಬ್ಬ, ಕೆಳಗೊಬ್ಬ ಇದ್ದಾರೆಂದು ಊಹಿಸಿಕೊಳ್ಳಿ ಎಂದೆ. ಬಳಿಕ ಒಂದು ಸಾಲು ಒಂದೇ ಹೆಜ್ಜೆ ಪಕ್ಕಕ್ಕೆ ಸರಿಯಿತು. ಕರವಸ್ತ್ರದ ಎದುರು ಕರವಸ್ತ್ರವೇ ಬಂತು, ಅಂದರೆ ಒಂದನ್ನೊಂದು ದೂಡುವ ಧನದ ಎದುರು ಧನವೇ. ಯಾರೂ ಹೇಳದೆಯೇ ಎರಡು ಸಾಲುಗಳೂ ನಗುತ್ತ ಹಿಂದಕ್ಕೆ ಸರಿದವು.

ಒಳಗೆ ಬಂದು ಸಾಣಿಕಟ್ಟಾದ ಆಗರದ ಕಲ್ಲುಪ್ಪಿನ ಹರಳೊಂದನ್ನು ಮೇಜಿನ ಮೇಲಿಟ್ಟು, ಹಳೆಯ ಚಾಕುವಿನ ಅಲಗು ತಾಗಿಸಿ ಮೇಲಿನಿಂದ ಮೆಲ್ಲನೆ ಕುಟ್ಟಿದೆ. ಟಕ್ಕೆಂದು ಒಡೆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಚೂರುಗಳ ಮುಖ ಚಪ್ಪಟೆ, ಮೂಲೆ ಚೌಕ. ಪಕ್ಕದಲ್ಲೇ ತಾಮ್ರದ ತಂತಿಗೆ ಸುತ್ತಿಗೆಯಿಂದ ಹೊಡೆದರೆ ಅದು ಒಡೆಯದೆ ಅಗಲವಾಯಿತು.

ಅದೇ ಹುಡುಗಿ ಮತ್ತೆ ಕೈ ಎತ್ತಿದಳು. “ಹಾಗಾದರೆ ಸಾರಿನಲ್ಲಿ ಉಪ್ಪು ಕರಗುವಾಗ ಆ 787 ಯಾರು ಕೊಡುತ್ತಾರೆ?”

ಈ ಸಲ ‘ನಾಳೆ’ ಎನ್ನಲಿಲ್ಲ. ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದು ಹೆಚ್ಚುಕಡಿಮೆ ಅಷ್ಟನ್ನೂ ತುಂಬಿಕೊಡುತ್ತವೆ, ಸುಮಾರು ನಾಲ್ಕು ಕಿಲೋಜೂಲ್ ಮಾತ್ರ ಬಾಕಿ, ಅದನ್ನು ನೀರು ತನ್ನ ಬಿಸಿಯಿಂದಲೇ ತೆರುತ್ತದೆ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಬೀಕರ್‌ನಲ್ಲಿ ನೀರು ತೆಗೆದುಕೊಂಡು, ಥರ್ಮಾಮೀಟರ್ ಇಳಿಬಿಟ್ಟು, ಒಣ ಪುಡಿಯುಪ್ಪನ್ನು ಧಾರಾಳವಾಗಿ ಸುರಿದು ಕಲಕಲು ಅವಳ ಕೈಗೇ ಕೊಟ್ಟೆ. ಪಾದರಸ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಇಳಿಯಿತು.